ರೀಲ್ಸ್ ನೋಡುವವರು ಸಾವಿರಾರು, ಆರ್ಡರ್ ಮಾತ್ರ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ರಟ್ಟುದಾರ
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ ಇಬ್ಬರೂ ಸೇರಿ ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಮಾರುತ್ತೇವೆ. ರಟ್ಟು ಕತ್ತರಿಸುವುದು, ಹಾಳೆ ಮಡಿಸುವುದು, ಮೇಣ ಹಚ್ಚಿದ ದಾರದಲ್ಲಿ ಹೊಲಿಯುವುದು, ಬಟ್ಟೆಯ ಹೊದಿಕೆ ಅಂಟಿಸುವುದು, ಎಲ್ಲ ನಾವೇ. ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆ ತೆರೆದು 14 ತಿಂಗಳಾಯಿತು. ಫಾಲೋವರ್ಸ್ 3,800 ಇದ್ದಾರೆ. ಫೇಸ್‌ಬುಕ್ ಪೇಜ್ ಕೂಡ ಇದೆ, ಇನ್‌ಸ್ಟಾಗೆ ಹಾಕಿದ್ದೇ ಅಲ್ಲಿಗೂ ತಾನಾಗಿ ಹೋಗುತ್ತದೆ.

ಎರಡು ತಿಂಗಳ ಹಿಂದೆ ಒಂದು ರೀಲ್ ಚೆನ್ನಾಗಿ ಓಡಿತು. ಮಡಿಸಿದ ಹಾಳೆಗಳ ಬೆನ್ನಿಗೆ ದಬ್ಬಣದಿಂದ ತೂತು ಮಾಡುತ್ತಾ ಹೋಗುವುದು, ಅಷ್ಟೇ ಇತ್ತು ಅದರಲ್ಲಿ. 90,000 ಸಲ ನೋಡಿದ್ದಾರೆ. ಕಮೆಂಟ್ ತುಂಬಾ "ವಾವ್", "ಕೈಚಳಕ ನೋಡಿ", "ಯಾವ ದಾರ ಬಳಸುತ್ತೀರಿ", "ದಬ್ಬಣ ಎಲ್ಲಿ ಸಿಗುತ್ತದೆ". ನಮಗೆ ಎಷ್ಟು ಖುಷಿಯಾಯಿತು ಅಂದರೆ, ಆರ್ಡರ್ ಬರುತ್ತದೆ ಅಂತ ರಾತ್ರಿಯೆಲ್ಲ ಕೂತು 60 ಪುಸ್ತಕ ಹೊಲಿದೆವು. ಆ ವಾರ ಬಂದ ಆರ್ಡರ್ ಎರಡು. ಉಳಿದ 58 ಇನ್ನೂ ಪೆಟ್ಟಿಗೆಯಲ್ಲಿವೆ.

ದಿನಾ ಪೋಸ್ಟ್ ಹಾಕಬೇಕಾ? ಜಾಹೀರಾತಿಗೆ ದುಡ್ಡು ಹಾಕಬೇಕಾ? ಅಥವಾ ಈ ಸೋಷಿಯಲ್ ಮೀಡಿಯಾ ನಮ್ಮಂಥ ಸಣ್ಣ ವ್ಯಾಪಾರಕ್ಕೆ ಆಗಿಬರುವುದಿಲ್ಲವಾ? ತಂಗಿ ಸಾಕು ಬಿಡೋಣ ಅನ್ನುತ್ತಿದ್ದಾಳೆ. ನನಗೆ ಬಿಡಲು ಮನಸ್ಸಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಸೈಕಲ್ ಚಕ್ರ
ಆ ರೀಲ್‌ನಲ್ಲಿ ಇದು ಮಾರಾಟಕ್ಕಿದೆ ಅಂತ ಎಲ್ಲಾದರೂ ಹೇಳಿದ್ದಿರಾ?

ರಟ್ಟುದಾರ
ಇಲ್ಲ. ಪ್ರೊಫೈಲ್‌ನಲ್ಲಿ "ಆರ್ಡರ್‌ಗೆ ಮೆಸೇಜ್ ಮಾಡಿ" ಅಂತ ಇದೆ. ರೀಲ್‌ನಲ್ಲಿ ಹೇಳಿಲ್ಲ.

ಸೈಕಲ್ ಚಕ್ರ
ಮತ್ತೆ ಗೊತ್ತಾಗುವುದು ಹೇಗೆ? ರೀಲ್ ನೋಡಿದವರಲ್ಲಿ ಪ್ರೊಫೈಲ್ ತೆರೆದು ಓದುವವರು ತುಂಬಾ ಕಡಿಮೆ. ಮುಂದಿನದಕ್ಕೆ ಹೆಬ್ಬೆರಳು ಆಗಲೇ ಹೋಗಿರುತ್ತದೆ.

ಮರಗೆಲಸದವ
ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ ನೋಡಿ. "ಯಾವ ದಾರ", "ದಬ್ಬಣ ಎಲ್ಲಿ ಸಿಗುತ್ತದೆ" ಅಂತ ಕೇಳುವವರು ನೋಟ್‌ಬುಕ್ ಕೊಳ್ಳುವವರಲ್ಲ. ತಾವೇ ಮಾಡಿಕೊಳ್ಳುವವರು. ನಿಮ್ಮ ರೀಲ್ ಹೋಗಿ ಸೇರಿದ್ದು ನಿಮ್ಮಂಥದ್ದೇ ಕೈಕೆಲಸದ ಜನರ ಹತ್ತಿರ.

ನನಗೂ ಹೀಗೇ ಆಗಿತ್ತು. ಹಳೆಯ ಕುರ್ಚಿ, ಮೇಜು ರಿಪೇರಿ ಮಾಡಿ ಪಾಲಿಶ್ ಹಾಕಿ ಕೊಡುವುದು ನನ್ನ ಕೆಲಸ. ಶುರುವಿನಲ್ಲಿ ಉಳಿ ಮಸೆಯುವುದು, ರಂದ ಹೊಡೆಯುವಾಗ ಸುರುಳಿ ಸುರುಳಿಯಾಗಿ ಹೊಟ್ಟು ಬರುವುದು, ಇಂಥ ವಿಡಿಯೋ ಹಾಕುತ್ತಿದ್ದೆ. ಜನ ಚೆನ್ನಾಗಿಯೇ ನೋಡುತ್ತಿದ್ದರು. ಒಂದು ದಿನ ಕೂತು ಫಾಲೋವರ್ಸ್ ಪಟ್ಟಿ ಒಂದೊಂದಾಗಿ ನೋಡಿದೆ. ಮುಕ್ಕಾಲು ಪಾಲು ಬಡಗಿಗಳೇ! ಅವರು ನನ್ನ ಹತ್ತಿರ ಕುರ್ಚಿ ರಿಪೇರಿ ಮಾಡಿಸುತ್ತಾರಾ?

ಆಮೇಲೆ ಬದಲಾಯಿಸಿದೆ. ಗಿರಾಕಿಗಳು ಫೋನ್ ಮಾಡಿದಾಗ ಏನು ಕೇಳುತ್ತಾರೋ ಅದನ್ನೇ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ. "ಮೇಜಿನ ಮೇಲೆ ಲೋಟ ಇಟ್ಟ ಬಿಳಿ ಉಂಗುರ ಹೋಗುತ್ತದಾ?" "ಒಂದು ಕಾಲು ಅಲ್ಲಾಡುತ್ತದೆ, ಪೂರ್ತಿ ಹೊಸದೇ ಮಾಡಿಸಬೇಕಾ?" "ಹುಳು ತಿಂದಿದೆ, ಉಳಿಸಬಹುದಾ?" ಒಂದು ಪ್ರಶ್ನೆಗೆ ಒಂದು ವಿಡಿಯೋ. ಕೊನೆಯಲ್ಲಿ ಒಂದೇ ಮಾತು: ನಿಮ್ಮ ಮೇಜಿನ ಫೋಟೋ ಕಳಿಸಿ, ಆಗುತ್ತೋ ಇಲ್ಲವೋ ಹೇಳುತ್ತೇನೆ. ಬಿಳಿ ಉಂಗುರದ ವಿಡಿಯೋ ನೋಡಿದವರು 2,000 ಕೂಡ ಇಲ್ಲ. ಆದರೆ ಅದೊಂದರಿಂದಲೇ 11 ಕೆಲಸ ಬಂತು.

ನಿಮ್ಮ ನೋಟ್‌ಬುಕ್ ಕೊಳ್ಳುವವರು ಯಾರು? ಅವರು ಅದನ್ನು ಯಾಕೆ ಕೊಳ್ಳುತ್ತಾರೆ? ಮೊದಲು ಅದು ಗೊತ್ತಾಗಲಿ.

ರಟ್ಟುದಾರ
ಅಣ್ಣ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಕೊಂಡವರಲ್ಲಿ ಜಾಸ್ತಿ ಜನ ಉಡುಗೊರೆ ಕೊಡಲು ತಗೊಂಡವರು. ಚಿತ್ರ ಬರೆಯುವವರು ಕೆಲವರಿದ್ದಾರೆ. ಅವರು ಕೇಳುವುದು ಒಂದೇ, "ಪುಸ್ತಕ ಪೂರ್ತಿ ಬಿಚ್ಚಿ ಸಪಾಟಾಗಿ ಕೂರುತ್ತದಾ, ಇಂಕು ಹಿಂದಿನ ಪುಟಕ್ಕೆ ಇಳಿಯುತ್ತದಾ" ಅಂತ. ಇದನ್ನು ಒಂದು ಸಲವೂ ನಾವು ವಿಡಿಯೋ ಮಾಡಿಲ್ಲ.

ಮರಗೆಲಸದವ
ಹಾಗಾದರೆ ನಿಮ್ಮ ಮುಂದಿನ ಎರಡು ರೀಲ್ ರೆಡಿ ಆದವು.

ಜಾಹೀರಾತಿನವ
ಎಂಟು ವರ್ಷದಿಂದ ಇದೇ ನನ್ನ ಕೆಲಸ, ಹಾಗಾಗಿ ಹೇಳುತ್ತೇನೆ. ಬರೀ ಪೋಸ್ಟ್ ಹಾಕಿ ಗಿರಾಕಿ ಸಿಗುವ ಕಾಲ ಹೋಯಿತು. 2016ರಲ್ಲಿ ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳನ್ನು ಸಮಯದ ಸಾಲಿನಲ್ಲಿ ತೋರಿಸುವುದು ಬಿಟ್ಟು ತಾನೇ ಆರಿಸಿ ತೋರಿಸಲು ಶುರು ಮಾಡಿತು. 2018ರ ಜನವರಿಯಲ್ಲಿ ಫೇಸ್‌ಬುಕ್ ಕೂಡ ಸ್ನೇಹಿತರು, ಮನೆಯವರ ಪೋಸ್ಟ್‌ಗೆ ಮೊದಲ ಜಾಗ, ವ್ಯಾಪಾರದ ಪೇಜ್‌ಗಳಿಗೆ ಆಮೇಲೆ ಅಂತ ಬಹಿರಂಗವಾಗಿಯೇ ಹೇಳಿತು. ನಿಮಗೆ 3,800 ಫಾಲೋವರ್ಸ್ ಇದ್ದರೆ ಅವರೆಲ್ಲರಿಗೂ ನಿಮ್ಮ ಪೋಸ್ಟ್ ಕಾಣುತ್ತದೆ ಅಂದುಕೊಳ್ಳಬೇಡಿ.

ಜಾಹೀರಾತು ಹಾಕಿ. ಆದರೆ ಪೋಸ್ಟ್ ಕೆಳಗಿನ "ಬೂಸ್ಟ್" ಬಟನ್ ಒತ್ತಬೇಡಿ. ಫೇಸ್‌ಬುಕ್, ಇನ್‌ಸ್ಟಾ ಜಾಹೀರಾತು ನಡೆಸುವ ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ. ಅಲ್ಲಿ ಮೊದಲೇ ನಿಮ್ಮ ಉದ್ದೇಶ ಏನು ಅಂತ ಕೇಳುತ್ತದೆ. ಪರಿಚಯ ಆಗಬೇಕಾ, ಮೆಸೇಜ್ ಬರಬೇಕಾ, ಮಾರಾಟ ಆಗಬೇಕಾ ಅಂತ. ನೀವು ಏನು ಕೇಳುತ್ತೀರೋ ಅದನ್ನೇ ಅದು ಹುಡುಕಿಕೊಡುತ್ತದೆ. ಲೈಕ್ ಬೇಕು ಅಂದರೆ ಕಂಡದ್ದಕ್ಕೆಲ್ಲ ಲೈಕ್ ಒತ್ತುವವರನ್ನೇ ತಂದು ನಿಲ್ಲಿಸುತ್ತದೆ. ಅವರು ಎಂದೂ ಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಕಳೆದ 365 ದಿನಗಳಲ್ಲಿ ನಿಮ್ಮ ಇನ್‌ಸ್ಟಾ ಖಾತೆಗೆ ಮೆಸೇಜ್ ಮಾಡಿದವರು, ಪೋಸ್ಟ್ ಸೇವ್ ಮಾಡಿಟ್ಟವರು, ಇವರಿಗೆ ಮಾತ್ರ ಜಾಹೀರಾತು ತೋರಿಸಬಹುದು. ಸಣ್ಣ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಂಗಡಿಗೆ ಬಂದು ಮಾಲು ಮುಟ್ಟಿ ನೋಡಿ ಹೋದವರನ್ನು ಮತ್ತೊಮ್ಮೆ ಕರೆದ ಹಾಗೆ.

ಲೆಕ್ಕಪತ್ರ
ದುಡ್ಡಿನ ಮಾತು ಬಂತು, ಹಾಗಾಗಿ ಬಂದೆ. ದಯವಿಟ್ಟು ಈಗಲೇ ಜಾಹೀರಾತಿಗೆ ಕೈ ಹಾಕಬೇಡಿ. ಎಷ್ಟೋ ಸಣ್ಣ ವ್ಯಾಪಾರದವರ ಲೆಕ್ಕ ಬರೆದಿದ್ದೇನೆ. ಗೊತ್ತುಗುರಿ ಇಲ್ಲದೆ ಜಾಹೀರಾತಿಗೆ ಸುರಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿದೆ.

ಒಂದು ಆರ್ಡರ್ ತರಲು ಎಷ್ಟು ಖರ್ಚಾಯಿತು, ಆ ಆರ್ಡರ್‌ನಿಂದ ಎಲ್ಲ ಕಳೆದು ಎಷ್ಟು ಉಳಿಯಿತು, ಈ ಎರಡು ಅಂಕಿ ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ. ಅವರು ತೋರಿಸುವ "ವ್ಯೂ" ಲೆಕ್ಕ ಇದೆಯಲ್ಲ, ಅದನ್ನಂತೂ ನಂಬಲೇಬೇಡಿ. ಫೇಸ್‌ಬುಕ್‌ನಲ್ಲಿ 3 ಸೆಕೆಂಡ್ ನೋಡಿದರೂ ವಿಡಿಯೋ ವ್ಯೂ ಅಂತ ಲೆಕ್ಕ ಹಾಕುತ್ತಾ ಬಂದರು. 2016ರಲ್ಲಿ ಇನ್ನೊಂದು ಬಯಲಾಯಿತು. ಜನ ಸರಾಸರಿ ಎಷ್ಟು ಹೊತ್ತು ವಿಡಿಯೋ ನೋಡುತ್ತಾರೆ ಅನ್ನುವ ಅಂಕಿಯನ್ನು ಎರಡು ವರ್ಷದಿಂದ ಜಾಸ್ತಿ ತೋರಿಸುತ್ತಿದ್ದೆವು ಅಂತ ಫೇಸ್‌ಬುಕ್ಕೇ ಒಪ್ಪಿಕೊಂಡಿತು. 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದ ಕೈಬಿಟ್ಟಿದ್ದರು! ದೊಡ್ಡ ದೊಡ್ಡ ಕಂಪನಿಗಳೇ ಆ ಅಂಕಿ ನೋಡಿ ದುಡ್ಡು ಹಾಕಿದ್ದವು.

ಜಾಹೀರಾತಿನವ
@ಲೆಕ್ಕಪತ್ರ 2016ರ ವಿಷಯ ನಿಜ, ಅಲ್ಲ ಅನ್ನುವುದಿಲ್ಲ. ಆದರೆ ನಾನು ವ್ಯೂ ನೋಡಿ ಅಂದೆನಾ? ಎಷ್ಟು ಜನ ಮೆಸೇಜ್ ಮಾಡಿದರು, ಎಷ್ಟು ಜನ ಕೊಂಡರು, ಅದನ್ನೇ ಎಣಿಸಿ ಅಂದೆ. ಅದಕ್ಕೆ ಅಂಕಿ ಸಿಗುತ್ತದೆ.

ಲೆಕ್ಕಪತ್ರ
ಸಿಗುತ್ತಿತ್ತು ಅನ್ನಿ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಐಫೋನ್ ನಡೆಸುವ ತಂತ್ರಾಂಶ ಐಒಎಸ್ 14.5ರಲ್ಲಿ "ಈ ಆ್ಯಪ್ ನಿಮ್ಮನ್ನು ಬೇರೆ ಕಡೆಯೂ ಹಿಂಬಾಲಿಸಲಾ" ಅಂತ ಕೇಳಲು ಶುರು ಮಾಡಿದ ಮೇಲೆ, ಜಾಹೀರಾತು ನೋಡಿ ವೆಬ್‌ಸೈಟಿಗೆ ಹೋಗಿ ಕೊಂಡವರು ಯಾರು ಅಂತ ಪತ್ತೆ ಹಚ್ಚುವುದು ಕಷ್ಟವಾಗಿದೆ. ನೀವೇ ದಿನಾ ನೋಡುತ್ತಿರುತ್ತೀರಲ್ಲ.

ಜಾಹೀರಾತಿನವ
ವೆಬ್‌ಸೈಟಿನ ವಿಷಯಕ್ಕೆ ಒಪ್ಪುತ್ತೇನೆ. ಇವರಿಗೆ ವೆಬ್‌ಸೈಟೇ ಇಲ್ವಲ್ಲ! ಇವರ ವ್ಯಾಪಾರ ನಡೆಯುವುದೇ ಮೆಸೇಜ್‌ನಲ್ಲಿ. ಮೆಸೇಜ್ ಎಣಿಸಲು ಯಾವ ಯಂತ್ರವೂ ಬೇಡ, ಒಂದು ಪೆನ್ನು ಸಾಕು.

ಲೆಕ್ಕಪತ್ರ
ಸರಿ, ಆ ಮಾತಿಗೆ ನನ್ನ ತಕರಾರಿಲ್ಲ. ಆದರೂ ನನ್ನ ಸಲಹೆ ಒಂದೇ. ದುಡ್ಡು ಹಾಕದೆ ಬಂದ ಹತ್ತು ಗಿರಾಕಿಗಳು ಹೇಗೆ ಬಂದರು ಅಂತ ಮೊದಲು ತಿಳಿದುಕೊಳ್ಳಿ. "ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?" ಅಂತ ಪ್ರತಿಯೊಬ್ಬರನ್ನೂ ಕೇಳಿ, ಬರೆದಿಡಿ. ಆ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಜಾಹೀರಾತು.

ಹೊಲಿಗೆ ಯಂತ್ರ
ನಾನು ಬಟ್ಟೆ ಆಲ್ಟರೇಶನ್ ಮಾಡುತ್ತೇನೆ. ಸೊಂಟ ಬಿಗಿ ಮಾಡುವುದು, ತೋಳು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು. ನನಗೆ ಇನ್‌ಸ್ಟಾದಿಂದ ಹೊಸಬರು ಬರುತ್ತಾರೆ, ನಿಜ. ಆದರೆ ನನ್ನ ವ್ಯಾಪಾರ ನಿಂತಿರುವುದು ವಾಟ್ಸಾಪ್ ಬಿಸಿನೆಸ್ ಮೇಲೆ. ಆ ಆ್ಯಪ್ 2018ರಲ್ಲಿ ಬಂತು, ಬಿಟ್ಟಿ. ಮಾಮೂಲಿ ವಾಟ್ಸಾಪ್‌ನಲ್ಲಿ ಇಲ್ಲದ್ದು ಅದರಲ್ಲಿ ಏನಿದೆ ಅಂತ ಹೇಳುತ್ತೇನೆ.

ಕ್ಯಾಟಲಾಗ್ ಇದೆ. ಮಾಲಿನ ಫೋಟೋ, ಬೆಲೆ, ವಿವರ ಹಾಕಿಟ್ಟರೆ ಗಿರಾಕಿ ತಾನೇ ನೋಡಿಕೊಳ್ಳುತ್ತಾರೆ. ಕ್ವಿಕ್ ರಿಪ್ಲೈ ಇದೆ. ದಿನಕ್ಕೆ ಇಪ್ಪತ್ತು ಸಲ ಬರೆಯುವ ಉತ್ತರವನ್ನು ಒಂದೇ ಸಲ ಬರೆದಿಟ್ಟುಕೊಂಡು, ಓರೆಗೆರೆ ಒತ್ತಿ ಕರೆದರೆ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಲೇಬಲ್. "ಅಳತೆ ಬಂದಿದೆ", "ಹೊಲಿದಾಗಿದೆ", "ದುಡ್ಡು ಬಾಕಿ" ಅಂತ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿಟ್ಟುಕೊಂಡಿದ್ದೇನೆ. ಬೆಳಗ್ಗೆ ಎದ್ದು "ದುಡ್ಡು ಬಾಕಿ" ಲೇಬಲ್ ತೆರೆದರೆ ಯಾರಿಗೆ ನೆನಪಿಸಬೇಕು ಅಂತ ಕಣ್ಣ ಮುಂದೆ ಇರುತ್ತದೆ.

ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು. ಒಂದು ಮಾತು ಗಮನಿಸಿ. ನಿಮ್ಮ ನಂಬರ್ ಅವರ ಫೋನ್‌ನಲ್ಲಿ ಸೇವ್ ಆಗಿದ್ದರೆ ಮಾತ್ರ ಆ ಮೆಸೇಜ್ ಹೋಗುತ್ತದೆ. ಇದು ಗೊತ್ತಿಲ್ಲದೆ ನಾನು ಆರು ತಿಂಗಳು ಕಳಿಸಿದ್ದೇ ಕಳಿಸಿದ್ದು. ಅರ್ಧ ಜನಕ್ಕೆ ತಲುಪಿಯೇ ಇರಲಿಲ್ಲ. ಈಗ ಬಟ್ಟೆ ಕೈಗೆ ಕೊಡುವಾಗ "ನನ್ನ ನಂಬರ್ ಸೇವ್ ಮಾಡಿಕೊಳ್ಳಿ, ಹೊಲಿಗೆ ಬಿಟ್ಟರೆ ಫೋಟೋ ಕಳಿಸಿ, ಸುಮ್ನೆ ಸರಿ ಮಾಡಿಕೊಡುತ್ತೇನೆ" ಅನ್ನುತ್ತೇನೆ. ಅಲ್ಲೇ ನಿಂತು ಸೇವ್ ಮಾಡಿಕೊಳ್ಳುತ್ತಾರೆ.

ಹೊಸಬ 07
ಅಕ್ಕ, 256 ಕಡಿಮೆ ಆಯಿತಲ್ಲ. ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿದರೆ ಒಂದೇ ಸಲ ಎಷ್ಟೊಂದು ಜನಕ್ಕೆ ಹೇಳಬಹುದು ಅಲ್ವಾ? ನನ್ನ ಹತ್ತಿರ 900 ನಂಬರ್ ಇವೆ.

ಹೊಲಿಗೆ ಯಂತ್ರ
ಬೇಡಪ್ಪ, ಖಂಡಿತ ಬೇಡ. ಕೇಳದೆ ಗ್ರೂಪಿಗೆ ಸೇರಿಸಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ನಂಬಿ ನಂಬರ್ ಕೊಟ್ಟವರಿಗೆ ಹೀಗೆ ಮಾಡಬಾರದು. ಜನ ಬ್ಲಾಕ್ ಮಾಡುತ್ತಾರೆ, ರಿಪೋರ್ಟ್ ಮಾಡುತ್ತಾರೆ, ರಿಪೋರ್ಟ್ ಜಾಸ್ತಿ ಆದರೆ ನಿಮ್ಮ ನಂಬರ್ ಬಂದ್ ಆಗಬಹುದು. ಅಷ್ಟು ವರ್ಷದ ಗಿರಾಕಿಗಳು ಇರುವ ನಂಬರ್ ಅದು. ಇನ್ನೂ ಒಂದು ವಿಷಯ, ಆ 900 ನಂಬರ್ ನಿಮಗೆ ಎಲ್ಲಿಂದ ಬಂದವು?

ಹೊಸಬ 07
ಒಬ್ಬರ ಹತ್ತಿರ ಕೊಂಡುಕೊಂಡೆ...

ಲೆಕ್ಕಪತ್ರ
ಅಳಿಸಿಬಿಡಿ ತಮ್ಮ. ಹೋದ ದುಡ್ಡು ಹೋಯಿತು, ಮರ್ಯಾದೆಯಾದರೂ ಉಳಿಯಲಿ.

ಸಂಜೆ ಓದು
ನಾನು ವ್ಯಾಪಾರದವಳಲ್ಲ. ಕೊಳ್ಳುವವಳು. ಇಷ್ಟು ಹೊತ್ತಿನಿಂದ ಎಲ್ಲರೂ ಗಿರಾಕಿ ಗಿರಾಕಿ ಅನ್ನುತ್ತಿದ್ದೀರಿ, ಗಿರಾಕಿಯ ಮಾತೂ ಕೇಳಿ.

ನನಗೆ ನೋಟ್‌ಬುಕ್ ಅಂದರೆ ಪ್ರಾಣ. ಇಂಥ ಖಾತೆಗಳನ್ನು ತುಂಬಾ ನೋಡುತ್ತೇನೆ. ಒಂದು ಚೆಂದದ ಪುಸ್ತಕ ಕಂಡಿತು ಅನ್ನಿ. ಬೆಲೆ ಎಷ್ಟು ಅಂತ ಹುಡುಕುತ್ತೇನೆ. "ಬೆಲೆಗೆ ಡಿಎಂ ಮಾಡಿ." ಅಂದರೆ ಖಾಸಗಿ ಮೆಸೇಜ್ ಮಾಡಿ ಕೇಳಬೇಕು. ಅಲ್ಲಿಗೆ ನಾನು ವಾಪಸ್. ಯಾಕೆ ಬರೆಯಬಾರದು ಅಂತ ನನಗೆ ಅರ್ಥವೇ ಆಗುವುದಿಲ್ಲ. ಕೇಳಿದ ಮೇಲೆ ದುಬಾರಿ ಅನ್ನಿಸಿದರೆ ಬೇಡ ಅನ್ನಲು ಸಂಕೋಚ ಆಗುತ್ತದೆ. ಆ ಸಂಕೋಚ ಬೇಡ ಅಂತಲೇ ಕೇಳುವುದಿಲ್ಲ. ನನ್ನ ಹಾಗೆ ಎಷ್ಟು ಜನ ಇದ್ದಾರೋ.

ಇನ್ನು ಕೇಳಿದರೂ ಉತ್ತರ ಬರುವುದು ಮೂರು ದಿನಕ್ಕೆ. ಅಷ್ಟರಲ್ಲಿ ಹುಟ್ಟುಹಬ್ಬ ಮುಗಿದಿರುತ್ತದೆ.

ಚಿಲಕ ಬೀಗ
ಬೆಲೆ ಬರೆದರೆ ಎದುರಾಳಿ ನೋಡಿ ಸ್ವಲ್ಪ ಕಡಿಮೆ ಹಾಕುತ್ತಾನೆ ಮೇಡಂ. ನನಗೆ ಆಗಿದೆ. ಅದಕ್ಕೇ ಬರೆಯುವುದಿಲ್ಲ. ಡಿಎಂ ಬಂದರೆ ಮಾತಾಡಿ ಒಪ್ಪಿಸಲೂಬಹುದು.

ಸಂಜೆ ಓದು
ಎದುರಾಳಿ ಡಿಎಂ ಮಾಡಿ ಕೇಳಿಯಾದರೂ ತಿಳಿದುಕೊಳ್ಳುತ್ತಾನೆ ಸರ್. ನಿಲ್ಲುವುದು ಅವನಲ್ಲ, ನಾನು.

ಸೈಕಲ್ ಚಕ್ರ
ಈ ಮಾತು ನೂರಕ್ಕೆ ನೂರು ಸರಿ. ನಾನು ಸರ್ವಿಸ್ ದರಪಟ್ಟಿಯನ್ನು ಫೋಟೋ ತೆಗೆದು ಪ್ರೊಫೈಲ್‌ನ ಮೇಲ್ಗಡೆ ಪಿನ್ ಮಾಡಿದೆ. ಇನ್‌ಸ್ಟಾದಲ್ಲಿ ಮೂರು ಪೋಸ್ಟ್ ಪಿನ್ ಮಾಡಬಹುದು. ಒಂದು ದರಪಟ್ಟಿ, ಒಂದು ಎಲ್ಲಿಗೆ ಯಾವ ಹೊತ್ತಿಗೆ ಬರಬೇಕು ಅಂತ, ಇನ್ನೊಂದು ಗಿರಾಕಿಗಳು ಬರೆದ ಮಾತು. ಆ ಮೇಲೆ "ಎಷ್ಟಾಗುತ್ತದೆ" ಅನ್ನುವ ಮೆಸೇಜ್ ನಿಂತು "ನಾಳೆ ತರಲಾ" ಅನ್ನುವ ಮೆಸೇಜ್ ಬರಲು ಶುರುವಾಯಿತು.

ಚಿಲಕ ಬೀಗ
ನನ್ನ ಕೆಲಸ ಬೇರೆ. ಪ್ರತಿ ಬಾಗಿಲಿಗೂ ಬೆಲೆ ಬೇರೆ ಆಗುತ್ತದೆ. ಬರೆಯುವುದು ಹೇಗೆ?

ಮರಗೆಲಸದವ
ನನಗೂ ಪ್ರತಿ ಮೇಜು ಬೇರೆಯೇ. "ಇಷ್ಟರಿಂದ ಶುರು" ಅಂತ ಬರೆಯಿರಿ ಸರ್. ಅಷ್ಟಾದರೂ ಗೊತ್ತಾದರೆ ಕೇಳುವ ಧೈರ್ಯ ಬರುತ್ತದೆ.

ಕ್ಯಾಮೆರಾ ಕಣ್ಣು
ವಿಡಿಯೋ ವಿಷಯಕ್ಕೆ ನನ್ನದೂ ಸೇರಿಸುತ್ತೇನೆ. ದುಬಾರಿ ಕ್ಯಾಮೆರಾ ಬೇಡ. ಕಿಟಕಿ ಪಕ್ಕ ಕೂತು, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ನೋಟ್‌ಬುಕ್ ಇಡಿ. ಬಟ್ಟೆಯ ನೇಯ್ಗೆ, ದಾರದ ಗಂಟು ಎದ್ದು ಕಾಣುತ್ತದೆ. ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿಬಿಡಿ, ಎರಡು ಬೆಳಕು ಸೇರಿದರೆ ಬಿಳಿ ಹಾಳೆ ಹಳದಿಯೋ ನೀಲಿಯೋ ಆಗುತ್ತದೆ. ಲೆನ್ಸ್ ಒರೆಸಿಕೊಳ್ಳಿ. ಇದನ್ನು ಮರೆಯುವವರೇ ಜಾಸ್ತಿ.

ಫೋನ್ ನೆಟ್ಟಗೆ ಹಿಡಿದು, 9:16 ಅಳತೆಯಲ್ಲಿ ತೆಗೆಯಿರಿ. ಮೊದಲ ಎರಡು ಮೂರು ಸೆಕೆಂಡಿನಲ್ಲೇ ವಿಷಯ ಬರಲಿ. "ಹಾಯ್ ಫ್ರೆಂಡ್ಸ್, ಹೇಗಿದ್ದೀರಾ" ಅನ್ನುವಷ್ಟರಲ್ಲಿ ನೋಡುವವರು ಹೋಗಿರುತ್ತಾರೆ. ಮಾತಾಡಿದರೆ ಅದನ್ನೇ ಅಕ್ಷರದಲ್ಲೂ ಹಾಕಿ, ತುಂಬಾ ಜನ ಸದ್ದು ಮುಚ್ಚಿಕೊಂಡೇ ನೋಡುತ್ತಾರೆ. ಕಿವಿ ಕೇಳಿಸದವರಿಗೂ ಅನುಕೂಲ.

ಬಿಸಿನೆಸ್ ಖಾತೆಗೆ ಎಲ್ಲ ಹಾಡೂ ಸಿಗುವುದಿಲ್ಲ. ಹಕ್ಕು ಇಲ್ಲದ ಹಾಡು ಬಳಸಿ ಮಾಲು ಮಾರಿದರೆ ವಿಡಿಯೋ ಮ್ಯೂಟ್ ಆಗಬಹುದು, ತೆಗೆದೇ ಹಾಕಬಹುದು. ನಿಮಗೆ ಹಾಡು ಯಾಕೆ ಬೇಕು? ಹಾಳೆ ಮಡಿಸುವ ಸದ್ದು, ದಾರ ಎಳೆಯುವ ಸದ್ದು ಇದೆಯಲ್ಲ, ಅದನ್ನೇ ಬಿಡಿ.

ಹೊಸಬ 07
ಟ್ರೈಪಾಡ್ ಯಾವುದು ಒಳ್ಳೆಯದು ಅಣ್ಣ?

ಕ್ಯಾಮೆರಾ ಕಣ್ಣು
ಶುರುವಿಗೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಫೋನ್ ಒರಗಿಸಿ. ತಿಂಗಳು ಬಿಟ್ಟೂ ವಿಡಿಯೋ ಮಾಡುತ್ತಿದ್ದರೆ ಆಗ ಕೊಳ್ಳಿ.

ಹಳೆ ಓಲೆ
ಎಲ್ಲರೂ ಇನ್‌ಸ್ಟಾ, ವಾಟ್ಸಾಪ್ ಅಂತಿದ್ದೀರಿ. ನಾನು ಈ ಕೆಲಸದಲ್ಲಿ ತುಂಬಾ ವರ್ಷದಿಂದ ಇದ್ದೇನೆ, ಒಂದು ವಿಷಯ ಮನಸ್ಸಿಟ್ಟು ಕೇಳಿ. ಆರ್ಕುಟ್ ಅನ್ನುವ ಸೋಷಿಯಲ್ ಮೀಡಿಯಾ ತಾಣ 2004ರಲ್ಲಿ ಬಂತು, 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅಲ್ಲಿ ನಾನು ಹಳೆ ನಾಣ್ಯ, ಅಂಚೆಚೀಟಿ ಮಾರುವ ಕಮ್ಯುನಿಟಿ ನಡೆಸುತ್ತಿದ್ದೆ. ಅಲ್ಲಿನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಆಮೇಲೆ ನನಗೆ ಸಿಗಲೇ ಇಲ್ಲ. ಹೆಸರು ಗೊತ್ತು, ಫೋಟೋ ಗೊತ್ತು, ನಂಬರ್ ಇರಲಿಲ್ಲ. 6 ಸೆಕೆಂಡಿನ ವಿಡಿಯೋಗಳ ವೈನ್ 2013ರಲ್ಲಿ ಬಂದು 2017ರಲ್ಲಿ ಹೋಯಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. 2021ರ ಅಕ್ಟೋಬರ್ 4 ನೆನಪಿದೆಯಾ? ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೇ ಮಲಗಿದವು. ಮೂರಕ್ಕೂ ಯಜಮಾನ ಒಬ್ಬನೇ.

ಕಂಡವರ ಜಾಗದಲ್ಲಿ ಗೂಡಂಗಡಿ ಹಾಕಿದ್ದೇವೆ ಅಂತ ಸದಾ ನೆನಪಿಡಬೇಕು. ವ್ಯಾಪಾರ ಅಲ್ಲಿ ಮಾಡಿ, ತಪ್ಪಿಲ್ಲ. ಗಿರಾಕಿಯ ಹೆಸರು, ನಂಬರ್, ಈಮೇಲ್ ಅವರನ್ನು ಕೇಳಿ, ಅವರು ಒಪ್ಪಿದರೆ ನಿಮ್ಮ ಹತ್ತಿರ ಬರೆದಿಡಿ. ಕಾಗದದ ಮೇಲಾದರೂ ಸರಿ.

ಹೊಲಿಗೆ ಯಂತ್ರ
ಅಕ್ಟೋಬರ್ 4 ಮರೆಯಲು ಸಾಧ್ಯವೇ ಇಲ್ಲ. ಮರುದಿನ ಮದುವೆಗೆ ಬೇಕಿದ್ದ ಬಟ್ಟೆ ರೆಡಿ ಇತ್ತು, ಗಿರಾಕಿಯ ವಿಳಾಸ ವಾಟ್ಸಾಪ್ ಚಾಟ್‌ನಲ್ಲೇ ಇತ್ತು! ಹಳೆಯ ಮೆಸೇಜ್ ಫೋನ್‌ನಲ್ಲಿ ತೆರೆಯಿತು, ಬದುಕಿದೆ. ಆಮೇಲೆ ಎಲ್ಲ ಪುಸ್ತಕದಲ್ಲಿ ಬರೆದಿಡುತ್ತೇನೆ.

ಚಿಲಕ ಬೀಗ
ಖಾತೆಯೇ ಕೈ ಬಿಟ್ಟು ಹೋಗುವ ಕಥೆಯೂ ಇದೆ. ಹೋದ ವರ್ಷ ನನಗೆ ಒಂದು ಮೆಸೇಜ್ ಬಂತು. "ನಿಮ್ಮ ಪೋಸ್ಟ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಖಾತೆ ಅಳಿಸುತ್ತೇವೆ, ಆಕ್ಷೇಪ ಇದ್ದರೆ ಈ ಲಿಂಕ್ ಒತ್ತಿ" ಅಂತ. ಗುರುತಿನ ಚಿತ್ರ, ಬಣ್ಣ ಎಲ್ಲ ಅಸಲಿ ಥರವೇ ಇತ್ತು. ಗಾಬರಿಯಲ್ಲಿ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟೆ. ಹತ್ತು ನಿಮಿಷದಲ್ಲಿ ಖಾತೆ ಹೋಯಿತು. ನಾಲ್ಕು ವರ್ಷದ ಫೋಟೋ, ಜನ ಬರೆದ ಒಳ್ಳೆಯ ಮಾತು, ಎಲ್ಲ. ಅವರು ನನ್ನ ಹೆಸರಿನಲ್ಲೇ ನನ್ನ ಗಿರಾಕಿಗಳಿಗೆ ದುಡ್ಡು ಕೇಳಿ ಮೆಸೇಜ್ ಕಳಿಸಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಯವಿಟ್ಟು ಟೂ ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೂಡ ಕೇಳುವ ಏರ್ಪಾಡು, ಹಾಕಿಕೊಳ್ಳಿ. ಸಾಧ್ಯವಾದರೆ ಎಸ್‌ಎಂಎಸ್ ಬದಲು ಕೋಡ್ ಕೊಡುವ ಆ್ಯಪ್ ಬಳಸಿ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಇನ್‌ಸ್ಟಾದಿಂದ ನಿಜವಾಗಿ ಬಂದ ಈಮೇಲ್ ಯಾವುದು ಅಂತ ಸೆಟ್ಟಿಂಗ್ಸ್ ಒಳಗೇ ಒಂದು ಪಟ್ಟಿ ಸಿಗುತ್ತದೆ, ಅದನ್ನು ನೋಡದೆ ಯಾವ ಲಿಂಕೂ ಒತ್ತಬೇಡಿ.

ರಟ್ಟುದಾರ
ಇದನ್ನು ಓದಿದ ಕೂಡಲೇ ತಂಗಿ ಟೂ ಫ್ಯಾಕ್ಟರ್ ಹಾಕಿದಳು. ಥ್ಯಾಂಕ್ಸ್ ಅಣ್ಣ. ನಿಮ್ಮ ಖಾತೆ ವಾಪಸ್ ಸಿಕ್ಕಿತಾ?

ಚಿಲಕ ಬೀಗ
ಇಲ್ಲ. ಹೊಸದು ಮಾಡಿದೆ.

ಹೊಸಬ 07
ಇನ್ನೊಂದು ಪ್ರಶ್ನೆ. ಫಾಲೋವರ್ಸ್ ಕೊಂಡುಕೊಂಡರೆ ನೋಡಿದವರಿಗೆ ನಂಬಿಕೆ ಬರುತ್ತದೆ ಅಂತಾರೆ. ಮತ್ತೆ ಈ ಇನ್‌ಫ್ಲುಯೆನ್ಸರ್‌ಗಳು?

ಜಾಹೀರಾತಿನವ
ಕೊಂಡ ಫಾಲೋವರ್ಸ್‌ನಿಂದ ನಷ್ಟವೇ. ಅವು ಸತ್ತ ಖಾತೆಗಳು. ಪೋಸ್ಟ್ ತೋರಿಸಿದರೂ ಯಾರೂ ನೋಡುವುದಿಲ್ಲ, ಆಗ "ಇದನ್ನು ಯಾರೂ ನೋಡುತ್ತಿಲ್ಲ" ಅಂತ ಬೇರೆಯವರಿಗೂ ಕಡಿಮೆ ತೋರಿಸುತ್ತದೆ. ಎಷ್ಟು ಹೊತ್ತು ನೋಡಿದರು, ಲೈಕ್ ಮಾಡಿದರಾ, ಬೇರೆಯವರಿಗೆ ಕಳಿಸಿದರಾ, ಈ ಮೂರಕ್ಕೆ ಬೆಲೆ ಜಾಸ್ತಿ ಅಂತ ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಂ ಮೊಸೆರಿ ಅವರೇ ಹೇಳಿದ್ದಾರೆ.

ಇನ್‌ಫ್ಲುಯೆನ್ಸರ್ ವಿಷಯದಲ್ಲಿ ದೊಡ್ಡವರ ಹಿಂದೆ ಹೋಗಬೇಡಿ. ರಟ್ಟುದಾರ ಅವರ ವಿಷಯವೇ ತಗೊಳ್ಳಿ. ಚಿತ್ರ ಬರೆಯುವ, 2,000 ಫಾಲೋವರ್ಸ್ ಇರುವ ಒಬ್ಬರು ಇವರ ಪುಸ್ತಕದಲ್ಲಿ ಇಂಕಿನಲ್ಲಿ ಬರೆದು ತೋರಿಸಿದರೆ ಸಾಕು. ದುಡ್ಡು ಅಥವಾ ಬಿಟ್ಟಿ ಪುಸ್ತಕ ಕೊಟ್ಟಿದ್ದರೆ ಅದನ್ನು ಅವರು ಪೋಸ್ಟ್‌ನಲ್ಲಿ ಹೇಳಬೇಕು, "ಪೇಯ್ಡ್ ಪಾರ್ಟ್ನರ್‌ಶಿಪ್" ಅನ್ನುವ ಗುರುತು ಇರುವುದೇ ಅದಕ್ಕೆ. ಮುಚ್ಚಿಡಬೇಡಿ, ನೋಡುವವರಿಗೆ ಗೊತ್ತಾಗುತ್ತದೆ.

ಲೆಕ್ಕಪತ್ರ
ನೋಡಿ, ನಿಮ್ಮ ಈ ಮಾತು ಪೂರ್ತಿ ಒಪ್ಪಿದೆ.

ಸಂಜೆ ಓದು
ಕೆಟ್ಟ ಕಮೆಂಟ್ ಬಂದಾಗ ಅಳಿಸುವುದೂ ನಮಗೆ ಗೊತ್ತಾಗುತ್ತದೆ. ಒಮ್ಮೆ ಒಂದು ಬ್ಯಾಗ್ ತರಿಸಿದ್ದೆ, ಹಿಡಿಕೆ ಕಿತ್ತು ಬಂತು. ಕಮೆಂಟ್‌ನಲ್ಲಿ ಸೌಮ್ಯವಾಗಿಯೇ ಬರೆದೆ. ಅಳಿಸಿ ನನ್ನನ್ನು ಬ್ಲಾಕ್ ಮಾಡಿದರು. ಇನ್ನೊಬ್ಬರ ಹತ್ತಿರ ತರಿಸಿದ ಪೆನ್ ಸೋರುತ್ತಿತ್ತು. ಅವರು ಅದೇ ಕಮೆಂಟ್ ಕೆಳಗೆ "ತಪ್ಪು ನಮ್ಮದು, ಇವತ್ತೇ ಬೇರೆ ಕಳಿಸುತ್ತೇವೆ" ಅಂತ ಬರೆದರು, ಕಳಿಸಿದರು. ಅವರ ಹತ್ತಿರ ಆಮೇಲೆ ಆರು ಪೆನ್ ಕೊಂಡಿದ್ದೇನೆ.

ಮರಗೆಲಸದವ
ಎಲ್ಲರೆದುರು ಕ್ಷಮೆ ಕೇಳಿ, ಉಳಿದ ಮಾತು ಮೆಸೇಜ್‌ನಲ್ಲಿ. ನಾನು ಮಾಡುವುದೂ ಅದೇ.

ಸೈಕಲ್ ಚಕ್ರ
@ರಟ್ಟುದಾರ ಒಂದು ಮಾತು ಕೇಳಬೇಕಿತ್ತು. ರೀಲ್ ಓಡಿದ ವಾರ ಮೆಸೇಜ್ ಎಷ್ಟು ಬಂದಿದ್ದವು? ರಿಕ್ವೆಸ್ಟ್ಸ್ ಅಂತ ಒಂದು ಬೇರೆ ಡಬ್ಬಿ ಇರುತ್ತದೆ, ಅದನ್ನು ತೆರೆದಿದ್ದಿರಾ? ನೀವು ಫಾಲೋ ಮಾಡದ ಹೊಸಬರು ಬರೆದರೆ ಅದು ಅಲ್ಲಿಗೆ ಹೋಗುತ್ತದೆ. ಎಷ್ಟೋ ಸಲ ನೋಟಿಫಿಕೇಶನ್ ಕೂಡ ಬರುವುದಿಲ್ಲ.

ರಟ್ಟುದಾರ
ಯಾವ ಡಬ್ಬಿ?

ಸೈಕಲ್ ಚಕ್ರ
ಮೆಸೇಜ್ ತೆರೆಯಿರಿ. ಮೇಲ್ಗಡೆ "ರಿಕ್ವೆಸ್ಟ್ಸ್" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ.

ರಟ್ಟುದಾರ
ತೆರೆದೆವು. ಕೈ ನಡುಗುತ್ತಿದೆ, ತಪ್ಪಿದ್ದರೆ ಕ್ಷಮಿಸಿ.

43 ಮೆಸೇಜ್ ಇವೆ. "ಇದು ಮಾರಾಟಕ್ಕಿದೆಯಾ?" "ಎಷ್ಟು?" "ಗೆರೆ ಇಲ್ಲದ ಹಾಳೆಯದ್ದು ಸಿಗುತ್ತದಾ?" ಒಬ್ಬರು ತಮ್ಮ ಕಚೇರಿಯಲ್ಲಿ ನಿವೃತ್ತಿ ಆಗುವವರಿಗೆ ಕೊಡಲು 25 ಪುಸ್ತಕ ಬೇಕು ಅಂತ ಬರೆದು, ಎರಡು ದಿನ ಬಿಟ್ಟು "ಪರವಾಗಿಲ್ಲ, ಬೇರೆ ಕಡೆ ತಗೊಂಡೆವು" ಅಂತ ತಾವೇ ಮತ್ತೆ ಬರೆದಿದ್ದಾರೆ. ಅದನ್ನು ಓದಿ ತಂಗಿ ಅತ್ತುಬಿಟ್ಟಳು.

ಹೊಲಿಗೆ ಯಂತ್ರ
ಅಳಬೇಡ ಅಂತ ಹೇಳಿ ಅವಳಿಗೆ. ಈಗಲೇ ಉತ್ತರ ಬರೆಯಿರಿ. ತಡ ಆಯಿತು, ಮೆಸೇಜ್ ಈಗ ಕಂಡಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಎಲ್ಲರಿಗೂ ಒಂದೇ ಉತ್ತರ ಅಂಟಿಸಬೇಡಿ. ಯಾರು ಏನು ಕೇಳಿದ್ದಾರೋ ಅದಕ್ಕೇ ಬರೆಯಿರಿ. ಆ 25ರವರಿಗೂ ಬರೆಯಿರಿ. ಅವರ ಕಚೇರಿಯಲ್ಲಿ ಮುಂದಿನ ವರ್ಷವೂ ಯಾರಾದರೂ ನಿವೃತ್ತಿ ಆಗುತ್ತಾರೆ.

ಜಾಹೀರಾತಿನವ
ಜಾಹೀರಾತಿನ ಬಗ್ಗೆ ನಾನು ಹೇಳಿದ್ದನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಆ 43.

ರಟ್ಟುದಾರ
ಕೂತಿದ್ದೇವೆ. ಅವಳು ಓದುತ್ತಿದ್ದಾಳೆ, ನಾನು ಟೈಪ್ ಮಾಡುತ್ತಿದ್ದೇನೆ. ಜೊತೆಗೆ ಒಂದು ಪುಸ್ತಕದಲ್ಲಿ ಹೆಸರು, ಏನು ಕೇಳಿದರು, ಯಾವಾಗ ಕೇಳಿದರು ಅಂತ ಬರೆಯುತ್ತಿದ್ದೇವೆ. ಪೆಟ್ಟಿಗೆಯಲ್ಲಿದ್ದ 58ರಲ್ಲಿ ಒಂದನ್ನು ಅದಕ್ಕೇ ತೆಗೆದೆವು. 12 ಜನರಿಗೆ ಉತ್ತರ ಹೋಯಿತು. ಒಬ್ಬರು ಆಗಲೇ ವಾಪಸ್ ಬರೆದಿದ್ದಾರೆ, "ಪುಸ್ತಕ ಬಿಚ್ಚಿದರೆ ಸಪಾಟಾಗಿ ಕೂರುತ್ತದಾ, ವಿಡಿಯೋ ಇದ್ದರೆ ಕಳಿಸಿ" ಅಂತ.

ಕ್ಯಾಮೆರಾ ಕಣ್ಣು
ಕಿಟಕಿ ಬೆಳಕು ಇನ್ನೂ ಇದೆಯಾ ಅಲ್ಲಿ? ಇದ್ದರೆ ಈಗಲೇ ತೆಗೆಯಿರಿ. ಲೆನ್ಸ್ ಒರೆಸಿ!